ಫಿನ್ (ಹಲಗೆಯ ಅಡಿಯಲ್ಲಿ ಹಿಂದೆ ಇರುವ ರೆಕ್ಕೆ) ಇಲ್ಲದ ಮರದ ಸರ್ಫ್ ಬೋರ್ಡ್ ಮನೆಯಲ್ಲೇ ಮಾಡಬಹುದಾ? ಕೊನೆಗೆ ಅದಕ್ಕೆ ಏನು ಹಚ್ಚಬೇಕು?

ಮಾಡಬಹುದು. ನಾನು ಎರಡು ಮಾಡಿದ್ದೇನೆ. ಒಂದು ಈಗ ನಮ್ಮ ಹಿತ್ತಲಲ್ಲಿ ಬೆಂಚು. ಇನ್ನೊಂದು ಕಡಲಿಗೆ ಹೋಗುತ್ತದೆ.

ನೀವು ಕೇಳಿದ್ದು ಮೂರು ವಿಷಯ: ಯಾವ ಮರ, ಫಿನ್ ಇಲ್ಲದೆ ಅದು ಜಾರದೆ ಹೇಗೆ ನಿಲ್ಲುತ್ತದೆ, ವಾರ್ನಿಷ್ ಬದಲು ತೆಂಗಿನೆಣ್ಣೆ ಅಥವಾ ಗೇರೆಣ್ಣೆ ನಡೆಯುತ್ತದಾ. ಮೂರನೆಯದಕ್ಕೆ ಜಾಸ್ತಿ ಬರೆಯುತ್ತೇನೆ. ನಾನು ಕೈ ಸುಟ್ಟುಕೊಂಡದ್ದು ಅಲ್ಲೇ, ನಿಜವಾಗಿಯೂ.

ಹವಾಯಿಯಲ್ಲಿ ಈ ಹಲಗೆಗೆ ಅಲಾಯ ಅನ್ನುತ್ತಾರೆ. ಮುಂದೆ ದುಂಡು, ಹಿಂದೆ ಚೌಕ, ದಪ್ಪ ಒಂದು ಇಂಚಿಗಿಂತ ಕಡಿಮೆ. 1778ರಲ್ಲಿ ಬ್ರಿಟಿಷ್ ನಾವಿಕ ಜೇಮ್ಸ್ ಕುಕ್‌ನ ಹಡಗುಗಳು ಆ ದ್ವೀಪಗಳನ್ನು ಮುಟ್ಟುವ ಎಷ್ಟೋ ಮೊದಲಿನಿಂದ ಅಲ್ಲಿಯವರು ಇದರ ಮೇಲೆ ಅಲೆ ಏರುತ್ತಿದ್ದರು. ಹಲಗೆಗೆ ಫಿನ್ ಬಂದದ್ದು 1935ರಲ್ಲಿ, ಟಾಮ್ ಬ್ಲೇಕ್ ಅನ್ನುವ ಅಮೆರಿಕನ್ನನ ಕೈಯಿಂದ. ಆಮೇಲೆ ಅಲಾಯ ಹೆಚ್ಚುಕಡಿಮೆ ಹೊನೊಲುಲುವಿನ ಬಿಷಪ್ ಮ್ಯೂಸಿಯಂನ ವಸ್ತುವಾಗಿಬಿಟ್ಟಿತ್ತು. ಆಸ್ಟ್ರೇಲಿಯಾದ ನೂಸಾದಲ್ಲಿದ್ದ ಟಾಮ್ ವೆಗೆನರ್ ಈ ಶತಮಾನದ ಶುರುವಿನಲ್ಲಿ ಆ ಹಳೆಯ ಹಲಗೆಗಳ ಆಕಾರ ಹಿಡಿದು ಪೌಲೋನಿಯಾ ಮರದಲ್ಲಿ ಮಾಡತೊಡಗಿದ. ಈಗ ಎಲ್ಲರೂ ಪೌಲೋನಿಯಾ ಅನ್ನುವುದು ಅದಕ್ಕೇ. ಹಗುರ, ಉಪ್ಪುನೀರನ್ನು ಬೇಗ ಕುಡಿಯುವುದಿಲ್ಲ. ಆದರೆ ನಮ್ಮ ಮಿಲ್ಲಿನಲ್ಲಿ ಆ ಹೆಸರು ಹೇಳಿದರೆ ನಿಮ್ಮ ಮುಖ ನೋಡುತ್ತಾರೆ ಅಷ್ಟೇ.

ಹಳೆಯ ಹವಾಯಿಯವರು ಬಳಸಿದ್ದು ಕೋವಾ ಮತ್ತು ಉಲು ಅನ್ನುವ ಮರಗಳನ್ನು. ಉಲು ಅಂದರೆ ಬೇರೇನಲ್ಲ, ಮಂಗಳೂರು ಕಡೆ ಪೋಡಿ ಮಾಡುತ್ತೇವಲ್ಲ, ಅದೇ ಜೀಗುಜ್ಜೆ. ಇದನ್ನು ಓದಿ ನನಗೆ ತಲೆ ತಿರುಗಿತು. ಜೀಗುಜ್ಜೆಯ ದಾಯಾದಿ ಹಲಸು, ಹಲಸಿನ ಹಲಗೆ ಮನೆಯಲ್ಲೇ ಇತ್ತು. ಮಾಡಿದೆ. ನೋಡಲು ಬಂಗಾರ, ತೂಕ ಎಂಟು ಕಿಲೋ ದಾಟಿತು. ಎರಡನೇ ವಾರ ಬಿಸಿಲಿಗೆ ಬಿಟ್ಟು ಊಟಕ್ಕೆ ಹೋಗಿದ್ದೆ, ಬಂದು ನೋಡಿದರೆ ಹಿಂದಿನ ತುದಿಯಲ್ಲಿ ಒಂದು ಗೇಣು ಬಿರುಕು. ಬೆಂಚು ಅಂದೆನಲ್ಲ, ಅದು ಇದೇ.

ಎರಡನೆಯದು ಹೆಬ್ಬೇವು. ಈಗ ಊರೂರಲ್ಲಿ ಬೆಳೆಸುತ್ತಾರೆ, ಹಗುರ, ಅಗ್ಗ. ಒಂದು ಸಿಎಫ್‌ಟಿ (ಘನ ಅಡಿ) ಮರ ಸಾಕು. ಆದರೆ ಹಸಿ ಮರ ತಂದು ಮರುದಿನವೇ ಕೊಯ್ಯಬೇಡಿ, ಬಾಗುತ್ತದೆ. ನಾನು ದೀಪಾವಳಿಯಿಂದ ಶಿವರಾತ್ರಿವರೆಗೆ ಅಟ್ಟದ ಮೇಲೆ ಇಟ್ಟಿದ್ದೆ, ಹಲಗೆಗಳ ನಡುವೆ ರೀಪಿನ ತುಂಡು ಕೊಟ್ಟು. ಆಮೇಲೆ ನಾಲ್ಕಿಂಚು ಅಗಲದ ಐದು ಪಟ್ಟಿ ಅಂಟಿಸಿದ್ದು. ಸಾಮಾನ್ಯ ಬಿಳಿ ಅಂಟು ಬೇಡ, ನೀರಲ್ಲಿ ಬಿಡುತ್ತದೆ. ಎಪಾಕ್ಸಿ ಅಥವಾ ನೀರಿಗೆ ತಡೆಯುವ ಅಂಟೇ ಆಗಬೇಕು. ಎಲ್ಲ ಪಟ್ಟಿಗಳ ಎಳೆ ಒಂದೇ ಕಡೆ ಓಡುವ ಹಾಗೆ ಜೋಡಿಸಿ. ಇಲ್ಲದಿದ್ದರೆ ಕೀಸುಳಿ ಹಾಕುವಾಗ ಒಂದು ಪಟ್ಟಿ ನುಣುಪಾಗಿ ಬರುತ್ತದೆ, ಪಕ್ಕದ್ದು ಎದ್ದು ಕಿತ್ತುಬರುತ್ತದೆ.

ನನ್ನ ಅಳತೆ: ಉದ್ದ ಆರು ಅಡಿ, ಅಗಲ 17 ಇಂಚು, ದಪ್ಪ 19 ಮಿ.ಮೀ. ತೂಕ ಐದು ಕಿಲೋ ಚಿಲ್ಲರೆ. ಇದು ನಿಮ್ಮನ್ನು ತೇಲಿಸುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಲೆಕ್ಕ ಹಾಕಿದರೆ ಒಟ್ಟು ಗಾತ್ರ ಒಂದು 15 ಲೀಟರ್ ಬಕೆಟ್ಟಿನಷ್ಟೂ ಇಲ್ಲ. ಅಲೆ ಎತ್ತಿಕೊಳ್ಳುವ ತನಕ ಅರ್ಧ ಈಜುತ್ತಲೇ ಇರಬೇಕು.

ಫಿನ್ ಕೆಲಸವನ್ನು ಅಂಚು ಮಾಡುತ್ತದೆ. ಹಲಗೆ ವಾಲಿದಾಗ ಹಿಂಭಾಗದ ಚೂಪು ಅಂಚು ಅಲೆಯ ಮೈಗೆ ಕಚ್ಚಿಕೊಳ್ಳುತ್ತದೆ. ತೆಳು ಮರ ಸ್ವಲ್ಪ ಬಳುಕಿ ಅಲೆಯ ಬಾಗಿಗೆ ಹೊಂದಿಕೊಳ್ಳುತ್ತದೆ. ಅಡಿಭಾಗದಲ್ಲಿ ಉದ್ದಕ್ಕೂ ಸಣ್ಣ ತಗ್ಗು ಇದ್ದರೆ ಹಿಡಿತ ಇನ್ನೂ ಜಾಸ್ತಿ. ಎಷ್ಟು ತಗ್ಗು ಅಂದರೆ, ಸ್ಟೀಲ್ ಸ್ಕೇಲನ್ನು ಅಡ್ಡ ಇಟ್ಟಾಗ ನಡುವೆ ಹತ್ತು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ನುಸುಳಬೇಕು. ಈ ತಗ್ಗು ತೆಗೆಯಲು ನಮ್ಮ ಆಚಾರಿ ಹೇಳಿಕೊಟ್ಟ ಉಪಾಯ ಒಡೆದ ಗಾಜಿನ ಚೂರು. ದಪ್ಪ ಬಟ್ಟೆಯಲ್ಲಿ ಹಿಡಿದು ಎಳೆಯ ದಾರಿಯಲ್ಲೇ ಎಳೆದರೆ ಮರ ತೆಳು ಸುರುಳಿಯಾಗಿ ಬರುತ್ತದೆ. ನಂತರ ಪಾಲಿಶ್ ಪೇಪರ್, ನಂಬರ್ 80, 120, 220. ಹವಾಯಿಯವರು ಹವಳದ ಕಲ್ಲಿನಿಂದ ಉಜ್ಜುತ್ತಿದ್ದರಂತೆ. ನಮ್ಮ ಕೈಗೆ ಅದು ಆಗದ ಮಾತು.

ಈಗ ಎಣ್ಣೆ. ಫೈಬರ್ ಬೋರ್ಡಿನ ಹಾಗೆ ರೆಸಿನ್ ಹೊದಿಸುವ ಆಸೆ ಬರುತ್ತದೆ, ಬೇಡ. ಹಲಗೆ ಬಳುಕಿದಾಗ ಆ ಗಟ್ಟಿ ಚರ್ಮ ಎಲ್ಲೋ ಕೂದಲೆಳೆಯಷ್ಟು ಸೀಳುತ್ತದೆ, ಒಳಗೆ ಹೋದ ನೀರಿಗೆ ಹೊರಬರಲು ದಾರಿ ಇರುವುದಿಲ್ಲ. ಎಣ್ಣೆ ಕುಡಿದ ಮರ ಒದ್ದೆಯಾದರೂ ಒಣಗುತ್ತದೆ.

ಗೇರೆಣ್ಣೆ: ಮರದ ದೋಣಿಗೆ ಬಳಿಯುವುದನ್ನು ನೋಡಿಯೇ ನೀವು ಕೇಳಿದ್ದೀರಿ, ಅಲ್ವಾ? ದೋಣಿಗೆ ಸರಿ, ಅದರ ಮೇಲೆ ನಾವು ಬರಿ ಎದೆಯಲ್ಲಿ ಬೋರಲು ಮಲಗುವುದಿಲ್ಲ. ಮಾವಿನ ಸೊನೆ ತಾಗಿದರೆ ತುಟಿ ಸುಡುತ್ತದಲ್ಲ, ಗೇರು ಸಿಪ್ಪೆಯ ಎಣ್ಣೆ ಅದರ ಅಣ್ಣ. ಆ ಹಲಸಿನ ಹಲಗೆ ಬೆಂಚಾಗುವ ಮೊದಲು ನಾನು ಅದಕ್ಕೆ ಬಳಿದೆ. ಗ್ಲೌಸ್ ಹಾಕಿದ್ದೆ, ಮೊಣಕೈ ಮರೆತಿದ್ದೆ. ಹತ್ತು ದಿನ ಗುಳ್ಳೆ.

ತೆಂಗಿನೆಣ್ಣೆ ಒಣಗುವ ಎಣ್ಣೆಯಲ್ಲ. ತಿಂಗಳಾದರೂ ಜಿಡ್ಡಾಗಿಯೇ ಇರುತ್ತದೆ, ಮರಳು ಅಂಟುತ್ತದೆ, ಕಾಲು ಜಾರದಿರಲು ಮೇಲೆ ಹಚ್ಚುವ ಮೇಣ ನಿಲ್ಲುವುದಿಲ್ಲ. ಹವಾಯಿಯವರೂ ಹೊಸ ಹಲಗೆಗೆ ಅಲ್ಲಿಯ ಕುಕುಯಿ ಮರದ ಕಾಯಿಯ ಎಣ್ಣೆ ಹಚ್ಚುತ್ತಿದ್ದರು. ತೆಂಗಿನೆಣ್ಣೆಯದು ದಿನದ ಆರೈಕೆ: 1820ರ ದಶಕದಲ್ಲಿ ಅಲ್ಲಿದ್ದ ಮಿಷನರಿ ವಿಲಿಯಂ ಎಲ್ಲಿಸ್ ಬರೆದ ಪ್ರಕಾರ, ಕಡಲಿಂದ ಬಂದ ಹಲಗೆಯನ್ನು ಪೂರ್ತಿ ಒಣಗಿಸಿ, ತೆಂಗಿನೆಣ್ಣೆ ತಿಕ್ಕಿ, ಬಟ್ಟೆ ಸುತ್ತಿ ಮನೆಯೊಳಗೆ ನೇತುಹಾಕುತ್ತಿದ್ದರು.

ನಿಮಗೆ ಬೇಕಾದ್ದು ಅಗಸೆ ಎಣ್ಣೆ. ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಲಿನ್ಸೀಡ್ ಆಯಿಲ್ ಅಂತ ಕೇಳಿ. ಮೊದಲ ಸಲ ಹಚ್ಚುವಾಗ ಎಣ್ಣೆಯಷ್ಟೇ ಟರ್ಪೆಂಟೈನ್ ಬೆರೆಸಿ, ತೆಳುವಾಗಿ ಒಳಗೆ ಇಳಿಯಲಿ. ಮುಂದೆ ಹಿಂದೆ ಎಳೆ ಕೊನೆಯಾಗುವ ಎರಡು ತುದಿ ಬಾಯಾರಿದ ಹಸುವಿನ ಹಾಗೆ ಕುಡಿಯುತ್ತವೆ, ಅಲ್ಲಿ ಎರಡು ಮೂರು ಸಲ ಹಚ್ಚಿ. ಅರ್ಧ ಗಂಟೆ ಬಿಟ್ಟು ಮೇಲೆ ಉಳಿದದ್ದನ್ನು ಪೂರ್ತಿ ಒರೆಸಿ, ಇಲ್ಲದಿದ್ದರೆ ಅಂಟಂಟಾಗುತ್ತದೆ. ಒಂದೊಂದು ದಿನ ಬಿಟ್ಟು ಇನ್ನೆರಡು ಕೋಟು, ಟರ್ಪೆಂಟೈನ್ ಕಡಿಮೆ ಮಾಡುತ್ತಾ.

ಇದೊಂದನ್ನು ಮಾತ್ರ ಮರೆಯಬೇಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕ ಹೀರಿ ಬಿಸಿಯಾಗುವುದು. ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ಬೆಂಕಿಯೇ ಹತ್ತಬಹುದು, ಕಡ್ಡಿ ಗೀರಬೇಕಿಲ್ಲ. ನಾನು ಬಕೆಟ್ಟಿಗೆ ಹಾಕಿದ್ದ ಹಳೆ ಬನಿಯನ್ನು ಸಂಜೆ ಮುಟ್ಟಿದರೆ ಆಗಷ್ಟೇ ಇಸ್ತ್ರಿ ಮಾಡಿದ ಹಾಗಿತ್ತು. ಈಗ ನೀರಲ್ಲಿ ಅದ್ದಿ, ಹೊರಗೆ ಕಟ್ಟೆಯ ಮೇಲೆ ಹರವುತ್ತೇನೆ.

ಮೊದಲ ದಿನವೇ ನಿಂತುಕೊಳ್ಳಲು ಹೋಗಬೇಡಿ. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲು ಕಡೆ ನಾನು ಎರಡು ತಿಂಗಳು ಬೋರಲು ಮಲಗಿಯೇ ಏರಿದೆ, ಪಕ್ಕಕ್ಕೆ ಜಾರಿ ಜಾರಿ. ಚೀಲದಲ್ಲಿ ಒಂದು ಪಾಲಿಶ್ ಪೇಪರ್ ಇರಲಿ. ಹಿಂದಿನ ಅಂಚನ್ನು ಮನೆಯಲ್ಲಿ ಪೂರ್ತಿ ಚೂಪು ಮಾಡದೆ, ದಂಡೆಯಲ್ಲೇ ಸ್ವಲ್ಪ ಸ್ವಲ್ಪ ಉಜ್ಜಿ ನೋಡಿ. ನನ್ನದು ನಾಲ್ಕನೇ ಸಲಕ್ಕೆ ಕಚ್ಚಿತು. ಉಜ್ಜಿದ ಜಾಗಕ್ಕೆ ಮನೆಗೆ ಬಂದು ಮತ್ತೆ ಎಣ್ಣೆ. ಮಳೆಗಾಲದಲ್ಲಿ ಕಡಲಿಗೆ ಇಳಿಯುವ ಮಾತೇ ಇಲ್ಲ. ಆಗ ಹಲಗೆಯನ್ನು ಗೋಡೆಗೆ ಒರಗಿಸಬೇಡಿ, ಬೂಸ್ಟು ಹಿಡಿಯುತ್ತದೆ. ನನ್ನದು ಅಡುಗೆಮನೆಯ ಅಟ್ಟದ ಕೆಳಗೆ ಎರಡು ಹಗ್ಗದಲ್ಲಿ ನೇತಾಡುತ್ತಿದೆ. ಅಮ್ಮ ಅದರ ಮೇಲೆ ಹಪ್ಪಳದ ಡಬ್ಬ ಇಟ್ಟಿದ್ದಾರೆ.