ತಾರಸಿಯ ಗ್ರಿಲ್‌ಗೆ ಗ್ಯಾಸೋ, ಇದ್ದಿಲೋ?

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ಸ್ವಂತ ಮನೆ, ಮೇಲೆ ವಿಶಾಲವಾದ ತಾರಸಿ ಇದೆ. ದಸರಾ ರಜೆಗೆ ಮಕ್ಕಳು, ಮೊಮ್ಮಕ್ಕಳು ಸೇರುತ್ತಾರೆ. ಉಳಿದಂತೆ ತಿಂಗಳಿಗೊಂದು ಭಾನುವಾರ ನೆಂಟರು ಬರುವುದುಂಟು. ಒಂದು ಗ್ರಿಲ್ ಕೊಳ್ಳೋಣವೆಂದಿದ್ದೇವೆ. ಡಲ್ಲಾಸ್‌ನಲ್ಲಿರುವ ಮಗ, ‘ಗ್ಯಾಸಿನದೇ ಸರಿ, ಬರುವಾಗ ನಾನೇ ತರುತ್ತೇನೆ’ ಎನ್ನುತ್ತಾನೆ. ನಮ್ಮ ಯಜಮಾನರು, ‘ಇದ್ದಿಲಿಲ್ಲದೆ ಕಬಾಬಿಗೆ ರುಚಿ ಎಲ್ಲಿಂದ ಬರಬೇಕು’ ಎಂದು ಪಟ್ಟು ಹಿಡಿದಿದ್ದಾರೆ. ನಾವು ಕೋಳಿ, ಮೀನು ತಿನ್ನುತ್ತೇವೆ, ಸೊಸೆ ಸಸ್ಯಾಹಾರಿ. ಯಾರ ಮಾತು ಕೇಳಲಿ?
– ಓದುಗರು, ಮೈಸೂರು

ಉತ್ತರ: ಇದ್ದಿಲಿನದನ್ನೇ ಕೊಳ್ಳಿ. ಆದರೆ ಯಜಮಾನರು ಹೇಳುವ ಕಾರಣಕ್ಕಲ್ಲ. ನೀವು ಅದನ್ನು ಹಚ್ಚುವುದು ತಿಂಗಳಿಗೊಮ್ಮೆ, ಅದೂ ನಾಲ್ಕು ಜನ ಸೇರಿ ಹರಟುತ್ತಾ ಕುಳಿತಿರುವ ದಿನ. ಕೆಂಡ ಸಿದ್ಧವಾಗಲು ಹಿಡಿಯುವ ಅರ್ಧ ಗಂಟೆ ಅಂಥ ದಿನ ಯಾರಿಗೂ ಹೊರೆಯಲ್ಲ. ಮಗನ ಮಾತೂ ಅವನ ಊರಿನ ಮಟ್ಟಿಗೆ ಸರಿಯೇ. ಅಲ್ಲಿ ಕಚೇರಿಯಿಂದ ಬಂದು ವಾರದ ನಡುವೆಯೂ ಹಿತ್ತಲಿನಲ್ಲಿ ಗ್ರಿಲ್ ಹಚ್ಚುವವರಿದ್ದಾರೆ. ಗುಂಡಿ ತಿರುಗಿಸಿ ಹತ್ತು–ಹದಿನೈದು ನಿಮಿಷಕ್ಕೆ ಅಡುಗೆಗಿಳಿಯಬೇಕು, ಮುಗಿದ ಮೇಲೆ ಆರಿಸಿ ಒಳಗೆ ಹೋಗಬೇಕು. ನೀವೂ ವಾರಕ್ಕೆ ಎರಡು ಸಲ ಬಳಸುವವರಾಗಿದ್ದರೆ ಗ್ಯಾಸಿನದನ್ನೇ ಹೇಳುತ್ತಿದ್ದೆ.

ಈಗ ರುಚಿಯ ವಿಚಾರ. ಪೂರ್ತಿ ಹೊತ್ತಿಕೊಂಡು ಮೇಲೆ ಬೂದಿ ಮುಚ್ಚಿದ ಕೆಂಡಕ್ಕೆ ತನ್ನದೆಂಬ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಕಟ್ಟಿಗೆಯಲ್ಲಿದ್ದ ಹೊಗೆಯ ಅಂಶಗಳು ಅದು ಇದ್ದಿಲಾಗುವಾಗಲೇ ಹೊರಟುಹೋಗಿರುತ್ತವೆ. ನಾವು ‘ಕೆಂಡದ ರುಚಿ’ ಎನ್ನುವುದು ಬಹುಪಾಲು ಮಾಂಸದ ಕೊಬ್ಬು ಮತ್ತು ರಸ ಕೆಂಡದ ಮೇಲೆ ತೊಟ್ಟಿಕ್ಕಿ, ಚುರ್ ಎಂದು ಸುಟ್ಟು, ಹೊಗೆಯಾಗಿ ಮೇಲೆದ್ದು ಮತ್ತೆ ಅದೇ ಮಾಂಸಕ್ಕೆ ಅಂಟುವುದರಿಂದ ಬರುವುದು. ಅನುಮಾನವಿದ್ದರೆ ಪರೀಕ್ಷಿಸಿ: ಒಂದು ಕೆಂಡದ ಪಕ್ಕ ಮೂಗಿಟ್ಟು ನೋಡಿ, ಆಮೇಲೆ ಅದರ ಮೇಲೆ ನಾಲ್ಕು ಹನಿ ತುಪ್ಪ ಬಿಡಿ. ಉತ್ತರ ಭಾರತದ ಅಡುಗೆಯವರು ದುಂಗಾರ್ ಎಂದು ಮಾಡುವುದು ಇದನ್ನೇ. ಪಾತ್ರೆಯ ನಡುವೆ ಬಟ್ಟಲಿಟ್ಟು, ಅದರಲ್ಲಿ ಕೆಂಡವಿಟ್ಟು, ತುಪ್ಪ ಬಿಟ್ಟು ಮುಚ್ಚಿದರೆ ಗ್ಯಾಸ್ ಒಲೆಯ ಮೇಲೆ ಬೆಂದ ಅಡುಗೆಗೂ ಆ ಪರಿಮಳ ಹತ್ತುತ್ತದೆ.

ಹೀಗಾಗಿ ಕೋಳಿಯ ಕಾಲು, ಸೀಕ್ ಕಬಾಬ್, ಎಣ್ಣೆಯಂಶವಿರುವ ಬಂಗುಡೆ ಇವುಗಳಲ್ಲಿ ಇದ್ದಿಲಿನ ಗುಣ ನಾಲಿಗೆಗೆ ತಿಳಿಯುತ್ತದೆ. ಗ್ಯಾಸ್ ಗ್ರಿಲ್‌ನಲ್ಲೂ ಕೊಬ್ಬು ಬಿಸಿ ತಗಡಿನ ಮೇಲೆ ಬಿದ್ದು ಹೊಗೆಯಾಗುತ್ತದೆ, ಸ್ವಲ್ಪ ಕಡಿಮೆ. ನಿಮ್ಮ ಸೊಸೆಯ ಪನೀರ್, ದೊಣ್ಣೆಮೆಣಸು, ಮುಸುಕಿನ ಜೋಳದಲ್ಲಿ ಯಾವುದರಿಂದ ಬೇಯಿಸಿದ್ದು ಎಂದು ಕಣ್ಣು ಕಟ್ಟಿ ಕೇಳಿದರೆ ಹೇಳುವವರು ವಿರಳ.

ಇದ್ದಿಲು ನಿಜವಾಗಿ ಗೆಲ್ಲುವುದು ಶಾಖದಲ್ಲಿ. ಚೆನ್ನಾಗಿ ಗಾಳಿಯಾಡುವ ಕೆಂಡ 600–700 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಮತ್ತು ಅದರ ಕಾವು ಕಿರಣವಾಗಿ ನೇರ ಮಾಂಸಕ್ಕೆ ತಾಗುತ್ತದೆ. ಮೇಲ್ಮೈ ಬೇಗ ಒಣಗಿ ಕೆಂಪಾಗುತ್ತದೆ, ಒಳಗಿನ ರಸ ಉಳಿಯುತ್ತದೆ. ಗ್ಯಾಸಿನ ಕಥೆ ಬೇರೆ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ. ಆ ತೇವದ ಬಿಸಿಗಾಳಿ ಮಾಂಸವನ್ನು ಸವರಿಕೊಂಡೇ ಹೋಗಬೇಕು. ಮೊಸರು ಮಸಾಲೆ ದಪ್ಪಗೆ ಹಚ್ಚಿದ ನಮ್ಮ ಕೋಳಿ ಅಗ್ಗದ ಗ್ಯಾಸ್ ಗ್ರಿಲ್‌ನಲ್ಲಿ ಎಷ್ಟೋ ಸಲ ಸುಡುವ ಬದಲು ಬೇಯುವುದು ಇದರಿಂದಲೇ. ಮುಚ್ಚಳ ಹಾಕಿ ಹದಿನೈದು ನಿಮಿಷ ಪೂರ್ತಿ ಕಾಯಿಸಿದರೆ, ಸರಳುಗಳು ಭಾರವಾದ ಎರಕದ ಕಬ್ಬಿಣದ್ದಾಗಿದ್ದರೆ, ಈ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ಕಾಯಿಸದೆ ಮಾಂಸ ಹಾಕುವವರೇ ಹೆಚ್ಚು, ಆಮೇಲೆ ಗ್ಯಾಸನ್ನು ಬೈಯುತ್ತಾರೆ.

ಡಲ್ಲಾಸ್‌ನಿಂದ ತರಿಸುವ ಯೋಚನೆ ಮಾತ್ರ ಬಿಟ್ಟುಬಿಡಿ. ಅಲ್ಲಿಯ ಗ್ರಿಲ್‌ಗಳು ಪ್ರೊಪೇನ್‌ಗಾಗಿ ಮಾಡಿದವು, ನಮ್ಮ ಸಿಲಿಂಡರಿನಲ್ಲಿರುವುದು ಬ್ಯೂಟೇನ್ ಮತ್ತು ಪ್ರೊಪೇನ್ ಬೆರಕೆ. ಅದಕ್ಕಿಂತ ಮುಖ್ಯವಾಗಿ ಅಲ್ಲಿಯ ರೆಗ್ಯುಲೇಟರ್ ನಮ್ಮ ಸಿಲಿಂಡರಿನ ಬಾಯಿಗೆ ಕೂರುವುದಿಲ್ಲ. ‘ಅಡಾಪ್ಟರ್ ಹಾಕಿ ಕೂರಿಸಿಕೊಡುತ್ತೇನೆ’ ಎನ್ನುವ ಮೆಕ್ಯಾನಿಕ್ ಸಿಕ್ಕೇ ಸಿಗುತ್ತಾನೆ, ಒಪ್ಪಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಹಾರಿಹೋಗದೆ ನೆಲದ ಮೇಲೆ ಹರಿದು, ಮೆಟ್ಟಿಲಿಳಿದು ಮನೆಯೊಳಗೇ ಬಂದು ನಿಲ್ಲುತ್ತದೆ. ಮಗನಿಗೆ ಏನಾದರೂ ತರಲೇಬೇಕೆಂದಿದ್ದರೆ ಮಾಂಸದೊಳಗೆ ಚುಚ್ಚಿ ನೋಡುವ ಥರ್ಮಾಮೀಟರ್ ತರಲಿ. ಕೋಳಿಯ ತುಂಡಿನ ಒಳಗೆ, ಮೂಳೆಗೆ ತಾಗದಂತೆ, 74 ಡಿಗ್ರಿ ತೋರಿಸಿದರೆ ಬೆಂದಿದೆ ಎಂದರ್ಥ. ಹೊರಗೆ ಕಪ್ಪಾಗಿ ಒಳಗೆ ಹಸಿಯಾಗಿರುವ ಕಾಲು ಮೊಮ್ಮಕ್ಕಳ ತಟ್ಟೆಗೆ ಬೀಳುವುದಿಲ್ಲ.

ಇನ್ನು ಇದ್ದಿಲನ್ನು ಎಲ್ಲಿ ಕೊಳ್ಳುವುದು? ಸೂಪರ್ ಮಾರ್ಕೆಟಿನ ಸಣ್ಣ ಪೊಟ್ಟಣಕ್ಕೆ ದುಡ್ಡು ಸುರಿಯುವ ಮೊದಲು ನಿಮ್ಮ ಬೀದಿಯ ಇಸ್ತ್ರಿ ಅಂಗಡಿಯವರನ್ನು ವಿಚಾರಿಸಿ. ಅವರು ಇನ್ನೂ ಗ್ಯಾಸ್ ಇಸ್ತ್ರಿಪೆಟ್ಟಿಗೆಗೆ ಹೋಗಿಲ್ಲವಾದರೆ ಇದ್ದಿಲು ಮಂಡಿಯ ದಾರಿ ಅವರಿಗೆ ಗೊತ್ತು. ಹುಣಸೆ, ಸರ್ವೆ, ಜಾಲಿಯಂಥ ಗಟ್ಟಿ ಮರದ ಇದ್ದಿಲು ನಿಧಾನವಾಗಿ ಉರಿಯುತ್ತದೆ. ಟೆಕ್ಸಸ್‌ನವರು ಮೆಸ್ಕೀಟ್ ಎಂದು ಕೊಂಡಾಡುವ ಮರ ನಮ್ಮ ಬಯಲುಸೀಮೆಯವರು ಕಿತ್ತು ಕಿತ್ತು ಸೋತಿರುವ ಬಳ್ಳಾರಿ ಜಾಲಿಯ ದಾಯಾದಿ. ಮಗನಿಗೆ ಇದನ್ನು ಹೇಳಿ. ತಿಪಟೂರು ಕಡೆಯ ಕೊಬ್ಬರಿ ಸೀಮೆಯ ಕರಟದ ಇದ್ದಿಲು ಸಿಕ್ಕರೆ ಅದೂ ಒಳ್ಳೆಯದು, ಕಾವು ಜೋರು, ಬೂದಿ ಕಡಿಮೆ. ಕೈಗೆತ್ತಿಕೊಂಡು ಒಂದಕ್ಕೊಂದು ತಟ್ಟಿ ನೋಡಿ. ಕಣಕಣ ಎಂದರೆ ಕೊಳ್ಳಿ. ಮೆತ್ತಗೆ ಸದ್ದು ಮಾಡಿದರೆ ತೇವ ಕುಡಿದಿದೆ ಅಥವಾ ಸರಿಯಾಗಿ ಸುಟ್ಟಿಲ್ಲ. ಮಳೆಗಾಲದಲ್ಲಿ ಗೋಣಿಚೀಲದಲ್ಲಿಟ್ಟ ಇದ್ದಿಲು ಹೊತ್ತುವುದೇ ಇಲ್ಲ, ಮುಚ್ಚಳವಿರುವ ತಗಡಿನ ಡಬ್ಬಿಗೆ ತುಂಬಿಡಿ. ಎಂಟು ಜನಕ್ಕೆ ಎರಡು ಕಿಲೋ ಬೇಕಾಗಬಹುದು.

ಸೀಮೆಎಣ್ಣೆ, ಪೆಟ್ರೋಲ್ ಸುರಿದು ಹಚ್ಚಬೇಡಿ. ಅಪಾಯ ಒಂದು ಕಡೆ, ಅದರ ನಾತ ಕಬಾಬಿನ ಕೊನೆಯ ತುಂಡಿನವರೆಗೂ ಬಿಡುವುದಿಲ್ಲ. ಎರಡೂ ಕಡೆ ಬಾಯಿ ತೆರೆದ, ಬುಡದ ಹತ್ತಿರ ಜಾಲರಿ ಇರುವ ತಗಡಿನ ಕೊಳವೆ ಸಿಗುತ್ತದೆ. ಚಿಮಣಿ ಎಂದು ಕೇಳಿ. ಮೇಲೆ ಇದ್ದಿಲು, ಕೆಳಗೆ ಅಡುಗೆ ಎಣ್ಣೆ ಸವರಿದ ಎರಡು ಹಾಳೆ ಪತ್ರಿಕೆ. ಕಡ್ಡಿ ಗೀರಿ ಬಿಟ್ಟರೆ ಬೀಸಣಿಗೆಯ ಗೊಡವೆಯೂ ಇಲ್ಲ, ಇಪ್ಪತ್ತು ನಿಮಿಷದಲ್ಲಿ ಮೇಲಿನ ಇದ್ದಿಲಿಗೂ ಬೂದಿ ಹಿಡಿಯುತ್ತದೆ. ಆಗ ಗ್ರಿಲ್‌ಗೆ ಸುರಿದು ಎಲ್ಲವನ್ನೂ ಒಂದೇ ಬದಿಗೆ ತಳ್ಳಿ. ಗ್ರಿಲ್‌ನ ಅರ್ಧ ಭಾಗದಲ್ಲಿ ಕೆಂಡ, ಇನ್ನರ್ಧ ಖಾಲಿ. ನಮ್ಮವರು ತಪ್ಪುವುದು ಇಲ್ಲಿಯೇ: ಕೆಂಡವನ್ನು ಸಮನಾಗಿ ಹರಡಿ, ಮೇಲೆ ಕೋಳಿಯನ್ನು ಸಾಲಾಗಿ ಜೋಡಿಸುತ್ತಾರೆ. ಶುಂಠಿ, ಬೆಳ್ಳುಳ್ಳಿ, ಮೆಣಸಿನಪುಡಿ ಹಚ್ಚಿದ ತುಂಡು ನೇರ ಕೆಂಡದ ಮೇಲೆ ಐದು ನಿಮಿಷಕ್ಕೇ ಕಹಿಯಾಗುತ್ತದೆ. ಮೊದಲು ಖಾಲಿ ಬದಿಯಲ್ಲಿಟ್ಟು ಮುಚ್ಚಿ ಬೇಯಿಸಿ, ಕೊನೆಯಲ್ಲಷ್ಟೇ ಕೆಂಡದ ಮೇಲೆ ತಂದು ಬಣ್ಣ ಬರಿಸಿ. ಮುಚ್ಚಳವಿರುವ ಗ್ರಿಲ್ಲನ್ನೇ ಕೊಳ್ಳಿ ಎನ್ನುವುದು ಇದಕ್ಕಾಗಿ. 1952ರಲ್ಲಿ ಷಿಕಾಗೋ ಹತ್ತಿರ ಜಾರ್ಜ್ ಸ್ಟೀಫನ್ ಎಂಬಾತ ನೀರಿನಲ್ಲಿ ತೇಲಿಬಿಡುವ ಲೋಹದ ಬೋಯಿಯ ಅರೆಗೋಳಗಳಿಂದ ವೆಬರ್ ಗ್ರಿಲ್ ಮಾಡಿದ ಮೇಲೆ ಆ ಗುಂಡು ಆಕಾರ ಹೆಚ್ಚೇನೂ ಬದಲಾಗಿಲ್ಲ.

ಕಾವು ಅಳೆಯಲು ಅಂಗೈಯನ್ನು ಸರಳಿನಿಂದ ನಾಲ್ಕೈದು ಅಂಗುಲ ಮೇಲೆ ಹಿಡಿಯಿರಿ. ಎರಡು ಸೆಕೆಂಡಿಗೇ ಕೈ ತೆಗೆಯಬೇಕೆನಿಸಿದರೆ ಜೋರು ಕಾವು, ಬಂಗುಡೆಗೆ ತಕ್ಕದ್ದು. ಐದಾರು ಸೆಕೆಂಡು ತಾಳಿದರೆ ಕೋಳಿಗೆ ಸರಿ. ಎಣ್ಣೆಯನ್ನು ಮೀನಿಗೇ ಸವರಿ, ಸರಳು ಚೆನ್ನಾಗಿ ಕಾದ ಮೇಲೆ ಇಡಿ, ಆಮೇಲೆ ಸುಮ್ಮನಿರಿ. ಚರ್ಮ ಸುಟ್ಟುಕೊಂಡಾಗ ಮೀನು ತಾನೇ ಬಿಟ್ಟುಕೊಡುತ್ತದೆ. ಅದಕ್ಕೆ ಮೊದಲೇ ಇಕ್ಕಳ ಹಾಕಿದರೆ ಚರ್ಮ ಸರಳಿಗೆ, ಮೀನು ಬೂದಿಗೆ. ಸೊಸೆಯ ಪಾಲನ್ನು ಮೊದಲು, ತೊಳೆದ ಬೇರೆ ಜಾಲರಿಯ ಮೇಲೆ ಮಾಡಿ ಮುಗಿಸಿ.

ತಾರಸಿಯಲ್ಲಿ ಸೋಲಾರ್ ಕೊಳವೆ, ಪ್ಲಾಸ್ಟಿಕ್ ಟ್ಯಾಂಕ್, ಬಟ್ಟೆ ಒಣಗಿಸುವ ಹಗ್ಗ ಇವುಗಳಿಂದ ದೂರವಿಡಿ. ಗ್ರಿಲ್‌ನ ಕೆಳಗೆ ಇಟ್ಟಿಗೆ ಹಾಸಿ. ಉಳಿದ ಕೆಂಡ ಮರುದಿನ ಬೆಳಗಿನವರೆಗೂ ಒಳಗೊಳಗೇ ಬಿಸಿ ಹಿಡಿದಿರಬಲ್ಲದು, ಪ್ಲಾಸ್ಟಿಕ್ ಕಸದ ಬುಟ್ಟಿಗೆ ಸುರಿಯಬೇಡಿ. ಆರೋಗ್ಯದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು: ಕೊಬ್ಬು ಸುಟ್ಟ ಹೊಗೆಯಲ್ಲೂ ಕರಕಲಾದ ಮಾಂಸದಲ್ಲೂ ಕ್ಯಾನ್ಸರ್‌ಕಾರಕ ರಾಸಾಯನಿಕಗಳು ಇರುತ್ತವೆ, ಇದ್ದಿಲಿನಲ್ಲಿ ಹೆಚ್ಚು. ತಿಂಗಳಿಗೊಮ್ಮೆ ತಿನ್ನುವವರು ನಿದ್ದೆಗೆಡಬೇಕಿಲ್ಲ; ಕಪ್ಪಾದ ಅಂಚನ್ನು ಕತ್ತರಿಸಿ ತೆಗೆಯಿರಿ.

ಪ್ರಶ್ನೆ: ಬೆಂಗಳೂರಿನಲ್ಲಿ ಒಂಬತ್ತನೇ ಮಹಡಿಯ ಫ್ಲ್ಯಾಟ್. ಬಾಲ್ಕನಿಯಲ್ಲಿ ಸಣ್ಣ ಇದ್ದಿಲು ಗ್ರಿಲ್ ಇಟ್ಟುಕೊಳ್ಳಬಹುದೇ? ಮಳೆ ಬಂದರೆ ಗಾಜಿನ ಬಾಗಿಲು ಹಾಕಿಕೊಳ್ಳುವ ವ್ಯವಸ್ಥೆ ಇದೆ.
– ಓದುಗರು, ಬೆಂಗಳೂರು

ಉತ್ತರ: ಬೇಡ. ಗಾಜು ಹಾಕಿಕೊಂಡ ಬಾಲ್ಕನಿಯೆಂದರೆ ಕೋಣೆಯೇ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ನಿಂತ ಮೇಲೂ ಗಂಟೆಗಟ್ಟಲೆ ಬರುತ್ತಿರುತ್ತದೆ. ಚಳಿಗಾಲದಲ್ಲಿ ಉತ್ತರ ಭಾರತದಿಂದ, ಕೋಣೆಯೊಳಗೆ ಅಗ್ಗಿಷ್ಟಿಕೆ ಇಟ್ಟು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂಬ ಸುದ್ದಿ ಪ್ರತಿವರ್ಷ ಬರುವುದು ಇದರಿಂದಲೇ. ಗ್ಯಾಸ್ ಸಿಲಿಂಡರನ್ನು ಬಾಲ್ಕನಿಗೆ ಎಳೆಯುವುದೂ ಬೇಡ. ಮನೆಗೆ ಕೊಳವೆ ಅನಿಲವಿದ್ದರೆ ಅದಕ್ಕೂ ಸಿಲಿಂಡರಿನ ಗ್ರಿಲ್ ಜೋಡಿಸಬೇಡಿ, ಎರಡರ ಜೆಟ್ಟುಗಳ ರಂಧ್ರದ ಅಳತೆಯೇ ಬೇರೆ. 2000 ವ್ಯಾಟ್ ಆಸುಪಾಸಿನ ವಿದ್ಯುತ್ ಗ್ರಿಲ್ ಕೊಂಡು 16 ಆಂಪಿಯರ್ ಸಾಕೆಟ್ಟಿಗೆ ಹಾಕಿ. ಕೆಂಡದ ಪರಿಮಳ ಬೇಕೇಬೇಕೆಂದರೆ ಮೇಲೆ ಹೇಳಿದ ತುಪ್ಪದ ಉಪಾಯವಿದೆ. ಕಿಟಕಿ ತೆರೆದು, ನಿಂಬೆಹಣ್ಣಿನಷ್ಟು ಒಂದೇ ಕೆಂಡ, ಐದು ನಿಮಿಷ ಸಾಕು.

ಪ್ರಶ್ನೆ: ನಮ್ಮಲ್ಲಿ ಒಣ ಗೆರಟೆಗೆ ಬರವಿಲ್ಲ. ಇದ್ದಿಲು ಕೊಳ್ಳದೆ ಅದನ್ನೇ ನೇರವಾಗಿ ಉರಿಸಿ ಮೀನು ಸುಡಬಹುದಲ್ಲವೇ?
– ಓದುಗರು, ಕುಂದಾಪುರ

ಉತ್ತರ: ಧಾರಾಳವಾಗಿ. ಆದರೆ ಜ್ವಾಲೆ ಇರುವಾಗ ಮೀನು ಇಡಬೇಡಿ, ಮಸಿ ಹಿಡಿದು ಕಹಿಯಾಗುತ್ತದೆ. ಹೊಗೆ ನಿಂತು ಗೆರಟೆ ಕೆಂಪು ಕೆಂಡವಾಗುವವರೆಗೆ ಕಾಯಿರಿ. ಆ ಕೆಂಡದ ಕಾವು ತೀಕ್ಷ್ಣ, ಆಯುಷ್ಯ ಕಡಿಮೆ. ಬಂಗುಡೆ, ಬೂತಾಯಿಗೆ ಹೇಳಿ ಮಾಡಿಸಿದ್ದು, ಮುಕ್ಕಾಲು ಗಂಟೆ ಬೇಯಬೇಕಾದ ಇಡೀ ಕೋಳಿಗೆ ಸಾಲದು. ಪಕ್ಕದಲ್ಲಿ ಇನ್ನೊಂದಿಷ್ಟು ಗೆರಟೆಯನ್ನು ಬೇರೆಯಾಗಿ ಹೊತ್ತಿಸಿಟ್ಟುಕೊಂಡರೆ ಎರಡನೇ ಸುತ್ತಿನ ಮೀನಿಗೆ ಕೆಂಡ ಸಿದ್ಧವಿರುತ್ತದೆ. ನಾರು ಅಂಟಿಕೊಂಡಿದ್ದರೆ ಕೆರೆದು ತೆಗೆಯಿರಿ, ಕಿಡಿ ಹಾರುವುದು ಕಡಿಮೆಯಾಗುತ್ತದೆ.