ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯಲ್ಲೇ ಕಟ್ಟಿದ ಕ್ಯಾಂಪರ್ ಟ್ರೈಲರಿಗೆ ಬಚ್ಚಲು, ಟಾಯ್ಲೆಟ್

ಪ್ರಶ್ನೆ: ಊರಿನ ವೆಲ್ಡಿಂಗ್ ಶಾಪಿನಲ್ಲಿ ಕಟ್ಟಿಸಿದ 10 ಅಡಿ ಉದ್ದ, 6 ಅಡಿ ಅಗಲದ ಒಂಟಿ ಆಕ್ಸಲಿನ ಟ್ರೈಲರ್ ನಮ್ಮಲ್ಲಿದೆ. ಖಾಲಿ ತೂಕ ಸುಮಾರು 600 ಕಿಲೋ. ಇಬ್ಬರು ಮಲಗುವಷ್ಟು ಮಂಚವಿದೆ. ಹಿಂದಿನ ಮೂಲೆಯಲ್ಲಿ ಶವರ್ ಮತ್ತು ಟಾಯ್ಲೆಟ್ ಕೂರಿಸಬೇಕೆಂದಿದ್ದೇವೆ. ಎಷ್ಟು ಜಾಗ ಬೇಕು? ಯಾವ ಸಾಮಾನು ತರಬೇಕು?
– ಓದುಗರು, ಗೋಣಿಕೊಪ್ಪಲು

ಉತ್ತರ: ಸಾಮಾನಿನ ಪಟ್ಟಿಗೆ ಮೊದಲು ಒಂದು ಮಾತು. ಹಿಂದಿನ ಮೂಲೆ ಬೇಡ. ಒಂದು ಲೀಟರ್ ನೀರು ಎಂದರೆ ಒಂದು ಕಿಲೋ, ಬಳಸಿದ ಮೇಲೂ ಅದು ಕೊಳೆ ನೀರಾಗಿ ನಿಮ್ಮ ಗಾಡಿಯಲ್ಲೇ ಇರುತ್ತದೆ. ಟ್ರೇ, ಗೋಡೆ, ಟಾಯ್ಲೆಟ್ ಸೇರಿ 40 ಕಿಲೋ, ನೀರು 50 ಕಿಲೋ, ಒಟ್ಟು 90 ಕಿಲೋ ಎಂದಿಟ್ಟುಕೊಳ್ಳಿ. ಅದು ಆಕ್ಸಲಿನಿಂದ 3 ಅಡಿ ಹಿಂದೆ ಕೂತರೆ, ಆಕ್ಸಲಿನಿಂದ ಕಪ್ಲಿಂಗಿಗೆ (ಕಾರಿಗೆ ಸಿಕ್ಕಿಸುವ ಕೊಂಡಿ) 9 ಅಡಿ ದೂರವಿರುವ ಟ್ರೈಲರಿನಲ್ಲಿ ಮೂತಿಯ, ಅಂದರೆ ಆ ಕೊಂಡಿಯ, ಮೇಲಿನ ಭಾರ 30 ಕಿಲೋ ಇಳಿಯುತ್ತದೆ. ಮೊದಲು 65 ಕಿಲೋ ಇದ್ದದ್ದು 35 ಆಗುತ್ತದೆ. ಮೂತಿಯ ಭಾರ ಒಟ್ಟು ತೂಕದ ಶೇ. 10ರಿಂದ 15ರಷ್ಟು ಇರಬೇಕು, ನಿಮ್ಮದು ಶೇ. 5ಕ್ಕೆ ಬಂದಿರುತ್ತದೆ. ಇಂಥ ಟ್ರೈಲರ್ ಸಮತಟ್ಟು ರಸ್ತೆಯಲ್ಲಿ ಸುಮ್ಮನೆ ಹಿಂದೆ ಬರುತ್ತದೆ, ಸಂಪಾಜೆ ಘಾಟಿಯ ಇಳಿಜಾರಿನಲ್ಲಿ ಬಾಲ ಬೀಸಲು ಶುರುಮಾಡುತ್ತದೆ. ಒಮ್ಮೆ ಬೀಸಲು ಹಿಡಿದರೆ ಕಾರಿನ ಬ್ರೇಕ್ ಒತ್ತಿದಷ್ಟೂ ಹೆಚ್ಚಾಗುತ್ತದೆ.

ಆದ್ದರಿಂದ ಬಚ್ಚಲನ್ನು ಆಕ್ಸಲಿಗಿಂತ ಮುಂದೆ ಕಟ್ಟಿ. ಒಳ್ಳೆ ನೀರಿನ ಟ್ಯಾಂಕನ್ನು ನೇರ ಆಕ್ಸಲಿನ ಮೇಲೆ, ಕೊಳೆ ನೀರಿನದ್ದನ್ನು ಅದರ ಪಕ್ಕದಲ್ಲೇ ತಳದಡಿಗೆ ಕೂರಿಸಿ. ಆಗ ಸ್ನಾನ ಮುಗಿದಂತೆ ನೀರು ಒಂದರಿಂದ ಇನ್ನೊಂದಕ್ಕೆ ಹೋದರೂ ಮೂತಿಯ ಭಾರ ಕದಲುವುದಿಲ್ಲ. ಕೆಲಸ ಮುಗಿದ ಮೇಲೆ ತೂಗಿಯೇ ನೋಡಬೇಕು. ಕಾಫಿ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ ತೋಟದಲ್ಲಿ ಇದ್ದೇ ಇರುತ್ತದೆ. ಸಮತಟ್ಟಾದ ಕಣದಲ್ಲಿ ಚಕ್ರಗಳಿಗೆ ಅಡ್ಡ ಕೊಟ್ಟು, ಕಾರಿಗೆ ಸಿಕ್ಕಿಸುವಾಗ ಇರುವ ಎತ್ತರದಲ್ಲೇ ಕಪ್ಲಿಂಗ್ ನಿಲ್ಲುವಂತೆ ತಕ್ಕಡಿಯ ಮೇಲೆ ಮರದ ತುಂಡು ಇಟ್ಟು ತೂಗಿ. ಟ್ಯಾಂಕ್ ತುಂಬಿದಾಗ ಒಂದು ಸಲ, ಖಾಲಿ ಇದ್ದಾಗ ಒಂದು ಸಲ. ಕಾರಿನ ಹಿಚ್ (ಟ್ರೈಲರ್ ಸಿಕ್ಕಿಸುವ ಕೊಕ್ಕೆ) ಎಷ್ಟು ತಾಳುತ್ತದೆ ಎಂಬುದನ್ನೂ ನೋಡಿಕೊಳ್ಳಿ.

ಜಾಗಕ್ಕೆ ಬಂದರೆ, ಶವರ್ ಮತ್ತು ಟಾಯ್ಲೆಟ್ ಒಂದೇ ಗೂಡಿನಲ್ಲಿ ಇರಲಿ. ಒಳಗಳತೆ 75 ಸೆಂ.ಮೀ. × 90 ಸೆಂ.ಮೀ. ಸಾಕು. ಬರೀ ನಿಂತು ಸ್ನಾನ ಮಾಡಲು 60 × 60 ಆದರೂ ನಡೆಯುತ್ತದೆ, ಆದರೆ ಕೂತಾಗ ಮಂಡಿ ಬಾಗಿಲಿಗೆ ತಗಲುತ್ತದೆ. ಗೋಡೆಗೆ 25 × 25 ಮಿ.ಮೀ. ಅಲ್ಯುಮಿನಿಯಂ ಚೌಕ ಪೈಪಿನ ಚೌಕಟ್ಟು, ಅದರ ಮೇಲೆ 3 ಮಿ.ಮೀ. ಎಸಿಪಿ (ಅಲ್ಯುಮಿನಿಯಂ ಕಾಂಪೊಸಿಟ್ ಪ್ಯಾನೆಲ್) ಶೀಟು. ಟೈಲ್ಸ್ ಹಾಕುವ ಯೋಚನೆಯಿದ್ದರೆ ಬಿಡಿ. ಭಾರದ ಮಾತು ಹಾಗಿರಲಿ, ನಮ್ಮ ತೋಟದ ರಸ್ತೆಯ ಕುಲುಕಾಟಕ್ಕೆ ಸಂದುಗಳೆಲ್ಲ ಬಿರಿದು ನೀರು ಒಳಗಿನ ಪ್ಲೈವುಡ್ಡಿಗೆ ಇಳಿಯುತ್ತದೆ. ಸಂದಿಗೆ ಬಿರುಸಾಗುವ ಪುಟ್ಟಿ ಬೇಡ, ಎಳೆದರೆ ಹಿಗ್ಗುವ ಪಿಯು (ಪಾಲಿಯುರೆಥೇನ್) ಸೀಲಂಟ್ ಹಾಕಿ.

ಇಡೀ ಕೆಲಸದ ಜೀವ ಇರುವುದು ತಳದ ಟ್ರೇಯಲ್ಲಿ. ಅಳತೆಗೆ ಸಿದ್ಧ ಟ್ರೇ ಸಿಗದಿದ್ದರೆ ಫೈಬರಿನಲ್ಲಿ ನೀವೇ ಮಾಡಬಹುದು. ತಳಕ್ಕೆ 12 ಮಿ.ಮೀ. ಐಎಸ್ 710 ಗುರುತಿನ ಮರೈನ್ ಪ್ಲೈ ಹಾಕಿ. ಐಎಸ್ 303ರ ಪ್ಲೈ ಅಗ್ಗ, ಆದರೆ ಒದ್ದೆಯಲ್ಲೇ ಇರುವ ಜಾಗಕ್ಕೆ ಅದಲ್ಲ. ನಾಲ್ಕೂ ಗೋಡೆಗೆ 10 ಸೆಂ.ಮೀ. ಎತ್ತರದ ಅಂಚು ಏರಿಸಿ, ಮೂಲೆಗಳನ್ನು ಗುಂಡಗೆ ತುಂಬಿ. ಚೂಪು ಮೂಲೆಗೆ ಮ್ಯಾಟ್ ಕೂರುವುದಿಲ್ಲ, ಅಡಿಯಲ್ಲಿ ಗಾಳಿ ಉಳಿದು ಅಲ್ಲೇ ಬಿರುಕು ಬಿಡುತ್ತದೆ. ಮೇಲೆ ಚದರ ಮೀಟರಿಗೆ 450 ಗ್ರಾಂ ತೂಗುವ ಫೈಬರ್ ಮ್ಯಾಟ್ ಎರಡು ಪದರ. ಅಂಚೂ ಸೇರಿ ಒಂದು ಚದರ ಮೀಟರ್ ಆಗುವುದರಿಂದ ಮ್ಯಾಟ್ ಒಂದು ಕಿಲೋ, ಪಾಲಿಯೆಸ್ಟರ್ ರೆಸಿನ್ 3 ಕಿಲೋ ತಂದರೆ ಮೇಲ್ಪದರಕ್ಕೂ ಸಾಕಾಗುತ್ತದೆ. ಹಾರ್ಡನರ್ ಕಿಲೋಗೆ 15ರಿಂದ 20 ಮಿ.ಲೀ. ಒಂದು ಸಲಕ್ಕೆ ಅರ್ಧ ಕಿಲೋ ಮಾತ್ರ ಕಲಸಿ, ಹೆಚ್ಚು ಕಲಸಿದರೆ ಡಬ್ಬದಲ್ಲೇ ಕಾದು ಗಟ್ಟಿಯಾಗುತ್ತದೆ. ಆಕ್ಸಲರೇಟರ್ (ಗಟ್ಟಿಯಾಗುವುದನ್ನು ಚುರುಕುಗೊಳಿಸುವ ದ್ರವ) ಮೊದಲೇ ಬೆರೆತಿರುವ ರೆಸಿನನ್ನೇ ಕೇಳಿ ತನ್ನಿ. ಕೋಬಾಲ್ಟ್ ಆಕ್ಸಲರೇಟರ್ ಮತ್ತು ಹಾರ್ಡನರ್ ನೇರವಾಗಿ ಒಂದಕ್ಕೊಂದು ಸೇರಿದರೆ ಸಿಡಿಯುತ್ತವೆ. ಕೆಲಸವನ್ನು ಫೆಬ್ರವರಿ, ಮಾರ್ಚ್‌ನಲ್ಲಿ ಮುಗಿಸಿ. ಮಳೆಗಾಲದ ತಣ್ಣನೆಯ ಒದ್ದೆ ಗಾಳಿಯಲ್ಲಿ ರೆಸಿನ್ ವಾರವಾದರೂ ಕೈಗೆ ಅಂಟುತ್ತಲೇ ಇರುತ್ತದೆ.

ಟ್ರೇಗೆ ಒಂದೇ ತೂತು ಇಟ್ಟರೆ ಕೊಡಗಿನಲ್ಲಿ ಸಾಲದು, ಸಮತಟ್ಟು ಜಾಗ ನಮಗೆಲ್ಲಿ ಸಿಗುತ್ತದೆ? ಹಿಂದುಮುಂದಿನ ವಾಲನ್ನು ಮೂತಿಯ ಜಾಕಿ ಸರಿಮಾಡುತ್ತದೆ, ಎಡಬಲದ ವಾಲು ಹಾಗೇ ಉಳಿಯುತ್ತದೆ. ಅದಕ್ಕೇ ಎಡಕ್ಕೊಂದು ಬಲಕ್ಕೊಂದು 32 ಮಿ.ಮೀ. ವೇಸ್ಟ್ ಕಪ್ಲಿಂಗ್ ಹಾಕಿ ಕೆಳಗೆ ಸೇರಿಸಿ. ನೀರು ನಿಲ್ಲುವ ಮಾಮೂಲಿ ಟ್ರ್ಯಾಪ್ ಓಡುವ ಗಾಡಿಯಲ್ಲಿ ಕುಲುಕಿ ಖಾಲಿಯಾಗಿ ವಾಸನೆ ಮೇಲೆ ಬರುತ್ತದೆ. ಒಂದೇ ದಿಕ್ಕಿಗೆ ತೆರೆಯುವ ಸಿಲಿಕಾನ್ ವಾಲ್ವಿನ ಟ್ರ್ಯಾಪ್ ಒಳ್ಳೆಯದು. ಕೊಳೆ ನೀರಿನ ಟ್ಯಾಂಕಿಗೆ ಚಾವಣಿಯವರೆಗೆ ಗಾಳಿ ಪೈಪ್ ಇಡಲು ಮರೆಯಬೇಡಿ. ಟ್ಯಾಂಕಿನ ಗಾಳಿಗೆ ಹೊರದಾರಿ ಇಲ್ಲದಿದ್ದರೆ ಬಚ್ಚಲಲ್ಲಿ ನೀರು ಗುಳುಗುಳು ಎನ್ನುತ್ತಾ ನಿಲ್ಲುತ್ತದೆ. ಜನ ಕಸ ಕಟ್ಟಿದೆಯೆಂದು ಕಡ್ಡಿ ಹಾಕುತ್ತಾ ಕೂರುತ್ತಾರೆ.

ನೀರಿನ ಕಡೆಗೆ ನಿಮಿಷಕ್ಕೆ 4 ಲೀಟರಿನಷ್ಟು ಕೊಡುವ 12 ವೋಲ್ಟಿನ ಡಯಾಫ್ರಾಮ್ ಪಂಪ್, ಅದಕ್ಕೆ ನೀರು ಬರುವ ಕಡೆ ಜರಡಿ ಫಿಲ್ಟರ್. ಪಂಪಿಗೆ ಸುಮಾರು 4 ಆಂಪಿಯರ್ ಬೇಕಾಗುತ್ತದೆ. 2.5 ಚದರ ಮಿ.ಮೀ. ವೈರು, ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸು. ದಿನಕ್ಕೆ ಹತ್ತು ನಿಮಿಷ ಓಡಿದರೂ ಒಂದು ಆಂಪಿಯರ್-ಅವರ್ ಖರ್ಚಾಗುವುದಿಲ್ಲ, ಬ್ಯಾಟರಿ ಚಿಂತೆ ಬೇಡ. ಪೈಪಿಗೆ ಬಾಗುವ ಹೋಸು ಮತ್ತು ಕ್ಲಾಂಪು. ಅಂಟು ಹಾಕಿ ಕೂಡಿಸಿದ ಪಿವಿಸಿ ಪೈಪು ಮನೆಗೆ ಸರಿ, ಗಾಡಿಯಲ್ಲಿ ಮೊಣಕೈ ಸಂದಿನಲ್ಲೇ ಸೀಳುತ್ತದೆ. ಪಂಪಿನ ಸ್ವಿಚ್ಚು ಬಚ್ಚಲಿನ ಹೊರಗೆ, ಕೈಗೆಟಕುವಂತೆ ಇರಲಿ. ಮೈ ಒದ್ದೆ ಮಾಡಿ, ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ಬಿಟ್ಟು ತೊಳೆದರೆ ತಲಾ 10ರಿಂದ 12 ಲೀಟರಿಗೆ ಸ್ನಾನ ಮುಗಿಯುತ್ತದೆ.

ಪ್ರಶ್ನೆ: ಟಾಯ್ಲೆಟ್ಟಿಗೆ ಮರದ ಪುಡಿ ಹಾಕುವ ಒಣ ಪದ್ಧತಿ ಒಳ್ಳೆಯದೋ, ಕ್ಯಾಸೆಟ್ (ಕಳಚಿ ಹೊತ್ತೊಯ್ದು ಖಾಲಿ ಮಾಡುವ ತೊಟ್ಟಿಯ ಟಾಯ್ಲೆಟ್) ಒಳ್ಳೆಯದೋ? ನಮ್ಮಲ್ಲಿ ಕಾಫಿ ಹೊಟ್ಟು ಬೇಕಾದಷ್ಟಿದೆ, ಅದನ್ನು ಬಳಸಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ನೀರಿನಲ್ಲಿ ತೊಳೆದುಕೊಳ್ಳುವ ನಮ್ಮಂಥವರಿಗೆ ಕ್ಯಾಸೆಟ್ಟೇ ಸರಿ. ಒಣ ಟಾಯ್ಲೆಟ್ ನಾರದಿರುವುದು ಮಲ ಮತ್ತು ಮೂತ್ರ ಬೇರೆಬೇರೆ ಬಿದ್ದು, ಮಲ ಒಣಗುತ್ತಿದ್ದರೆ ಮಾತ್ರ. ಒಂದು ಚೊಂಬು ನೀರು ಅದರೊಳಗೆ ಬಿತ್ತೋ, ಲೆಕ್ಕ ತಪ್ಪಿತು. ಬೇರೆ ಕಡೆ ಸರಿದು ತೊಳೆಯೋಣವೆಂದರೆ ಆ ನೀರು ಸ್ನಾನದ ಟ್ಯಾಂಕಿಗೆ ಹೋಗುತ್ತದೆ, ಆಮೇಲೆ ಆ ಟ್ಯಾಂಕನ್ನೂ ಕಕ್ಕಸಿನ ನೀರೆಂದೇ ಎಣಿಸಬೇಕು. ಜೊತೆಗೆ ಶವರಿನ ಹನಿ. ಒಂದೇ ಗೂಡಿನಲ್ಲಿ ಒಣ ಟಾಯ್ಲೆಟ್ಟನ್ನು ಒಣಗಿಸಿಟ್ಟುಕೊಳ್ಳುವುದು ಆಗದ ಮಾತು.

ಕಾಗದ ಬಳಸುವ ಅಭ್ಯಾಸವಿದ್ದು, ಒಣ ಪದ್ಧತಿಯೇ ಬೇಕೆಂದರೆ ತೆಂಗಿನ ನಾರಿನ ಪುಡಿ ಎಲ್ಲಕ್ಕಿಂತ ಮೇಲು, ತನ್ನ ತೂಕದ ಹಲವು ಪಟ್ಟು ನೀರು ಹೀರುತ್ತದೆ. ಚೆನ್ನಾಗಿ ಒಣಗಿದ ಮರದ ಪುಡಿ ಎರಡನೆಯದು. ಕಾಫಿಯ ಪಾರ್ಚ್‌ಮೆಂಟ್ ಹೊಟ್ಟು ಹಗುರ, ಮುಚ್ಚಲು ಚೆಂದ, ಆದರೆ ಬೇಗ ಹೀರುವುದಿಲ್ಲ. ನಾರಿನ ಪುಡಿಯೊಂದಿಗೆ ಅರ್ಧಕ್ಕರ್ಧ ಬೆರೆಸಿ. 80 ಮಿ.ಮೀ.ನ 12 ವೋಲ್ಟ್ ಕಂಪ್ಯೂಟರ್ ಫ್ಯಾನನ್ನು ಗಾಳಿ ಪೈಪಿಗೆ ಹಾಕಿ ಹಗಲುರಾತ್ರಿ ಓಡಿಸಿ, ಹೊರಬಾಯಿಗೆ ನೊಣ ನುಗ್ಗದಂತೆ ಜಾಲರಿ ಕಟ್ಟಿ. ಗೊಬ್ಬರವನ್ನು ಒಂದೂವರೆಯಿಂದ ಎರಡು ವರ್ಷ ಮುಚ್ಚಿಟ್ಟ ಮೇಲೆಯೇ ಮುಟ್ಟಬೇಕು. ಜಂತುಹುಳದ ಮೊಟ್ಟೆಗಳು ತಂಪು ಮಣ್ಣಿನಲ್ಲಿ ಅಷ್ಟು ಸುಲಭವಾಗಿ ಸಾಯುವುದಿಲ್ಲ. ತರಕಾರಿ ಮಡಿಗಂತೂ ಬೇಡ.

ಕ್ಯಾಸೆಟ್‌ನಲ್ಲಿ ಗೋಡೆ ಕೊರೆದು ಕೂರಿಸುವುದೂ ಇದೆ, ಮೇಲೆ ನೀರು, ಕೆಳಗೆ ಮಲದ ತೊಟ್ಟಿ ಇರುವ ಎರಡು ಭಾಗದ ಪೋರ್ಟಬಲ್ಲೂ ಇದೆ. ಮೊದಲ ಸಲ ಮಾಡುವವರು ಪೋರ್ಟಬಲ್ ತೆಗೆದುಕೊಳ್ಳಿ. ಟ್ರೈಲರಿನ ಗೋಡೆಗೆ ಇನ್ನೊಂದು ತೂತು ಕಡಿಮೆಯಾದರೆ ಮಳೆ ನುಗ್ಗುವ ದಾರಿಯೂ ಒಂದು ಕಡಿಮೆ. ತಿರುವಿನಲ್ಲಿ ಜಾರದಂತೆ ಟ್ರೇಯ ಅಂಚಿಗೆ ಬೆಲ್ಟ್ ಬಿಗಿಯಿರಿ, ಟ್ರೇಯ ತಳಕ್ಕೆ ಸ್ಕ್ರೂ ಹೊಡೆಯಬೇಡಿ. ಇಬ್ಬರಿಗೆ ಮೂತ್ರ, ಫ್ಲಶ್ಶು, ತೊಳೆದ ನೀರು ಎಲ್ಲ ಸೇರಿ ದಿನಕ್ಕೆ 7ರಿಂದ 8 ಲೀಟರ್ ಆಗುತ್ತದೆ, 20 ಲೀಟರಿನ ತೊಟ್ಟಿ ಎರಡೂವರೆ ದಿನಕ್ಕೆ ತುಂಬುತ್ತದೆ. ತುಂಬಿದ್ದನ್ನು ಹೊರುವವರ ಸೊಂಟವನ್ನೂ ಲೆಕ್ಕಕ್ಕೆ ಹಿಡಿಯಿರಿ. ವಯಸ್ಸಾದವರಿದ್ದರೆ 10–12 ಲೀಟರಿನದು ಸಾಕು, ದಿನವೂ ಖಾಲಿ ಮಾಡಿದರಾಯಿತು.

ಪ್ರಶ್ನೆ: ತುಂಬಿದ ಕ್ಯಾಸೆಟ್ಟನ್ನು ಎಲ್ಲಿ ಖಾಲಿ ಮಾಡುವುದು? ತೋಟದ ಮೂಲೆಯಲ್ಲಿ ಗುಂಡಿ ತೋಡಿದರೆ ಆಗದೇ?
– ಓದುಗರು, ನಾಪೋಕ್ಲು

ಉತ್ತರ: ಸೆಪ್ಟಿಕ್ ಟ್ಯಾಂಕಿಗೆ ಸೇರುವ ಕಕ್ಕಸಿನಲ್ಲಿ ಮಾತ್ರ. ಹೋಂಸ್ಟೇಗೆ ಹೊರಡುವ ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ, ರಾತ್ರಿ ಬಕೆಟ್ಟಿನ ಹಾಗೆ ಹಿಡಿದುಕೊಂಡು ಹೋಗಿ ಕೇಳುವುದು ಚೆನ್ನಾಗಿರುವುದಿಲ್ಲ. ನಿಧಾನ ಸುರಿದು, ಎರಡು ಬಕೆಟ್ ನೀರು ಹಾಕಿ, ಸುತ್ತ ತೊಳೆದು ಬನ್ನಿ. ತೊಟ್ಟಿಗೆ ಹಾಕುವ ದ್ರಾವಣ ಫಾರ್ಮಾಲ್ಡಿಹೈಡ್ ಇಲ್ಲದ್ದಾಗಿರಲಿ, ಫಾರ್ಮಾಲ್ಡಿಹೈಡ್ ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ತೊಟ್ಟಿ ತೊಳೆಯಲು ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಟ್ಟಿಗೆ ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ. ಆ ಪುಟ್ಟ ಗೂಡಿನಲ್ಲಿ ಅದು ಪ್ರಾಣಕ್ಕೇ ಕುತ್ತು.

ಗುಂಡಿ ಬೇಡ. ನಮ್ಮ ತೋಟಗಳ ನೀರೆಲ್ಲ ಇಳಿಜಾರು ಹಿಡಿದು ಮೊದಲು ತೋಡಿಗೆ, ಆಮೇಲೆ ಹೊಳೆಗೆ. ಮಳೆಗಾಲದಲ್ಲಿ ಗುಂಡಿಯೇ ತುಂಬಿ ಹರಿಯುತ್ತದೆ. ಹರಿವ ನೀರಿಗೆ ಕೊಳೆ ಬಿಡುವುದು 1974ರ ಜಲಮಾಲಿನ್ಯ ಕಾಯ್ದೆಯ 24ನೇ ಕಲಮಿಗೆ ವಿರುದ್ಧವೂ ಹೌದು. ಬರೀ ಸೋಪಿನ ನೀರಾದರೆ ಬಾವಿ, ತೋಡುಗಳಿಂದ ದೂರ, ಬಾಳೆಗುಡ್ಡೆಯ ಬುಡಕ್ಕೆ ಬಿಡಬಹುದು. ಮಲ ತೊಳೆದ ನೀರು ಬೆರೆತಿದ್ದರೆ ಅದೂ ಕಕ್ಕಸಿಗೇ.

ಪ್ರಶ್ನೆ: ಡಿಸೆಂಬರಿನ ಚಳಿಗೆ ಬಿಸಿನೀರು ಇಲ್ಲದೆ ಆಗದು. ಟ್ರೈಲರಿನ ಬಚ್ಚಲೊಳಗೆ ಚಿಕ್ಕ ಗ್ಯಾಸ್ ಗೀಸರ್ ಹಾಕಿಸಬಹುದೇ?
– ಓದುಗರು, ಮಡಿಕೇರಿ

ಉತ್ತರ: ಬೇಡ. ಕಿಟಕಿ ಇದೆ, ಫ್ಯಾನ್ ಇದೆ ಎಂದರೂ ಬೇಡ. ಮುಚ್ಚಿದ ಜಾಗದಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಸ್ನಾನ ಮಾಡುತ್ತಿರುವವರಿಗೆ ತಲೆಸುತ್ತು ಬಂದಿತೆನ್ನುವಷ್ಟರಲ್ಲಿ ಕಾಲು ಏಳುವುದಿಲ್ಲ. ನಿಮ್ಮ ಗೂಡಿನಲ್ಲಿರುವ ಗಾಳಿ ಒಂದೂವರೆ ಘನ ಮೀಟರಿಗಿಂತ ಕಡಿಮೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಹೋಗಿ ನಿಲ್ಲುವುದೂ ನಿಮ್ಮ ಟ್ರೇಯಲ್ಲೇ. ಗೀಸರ್ ಬೇಕೇಬೇಕೆಂದರೆ ಟ್ರೈಲರಿನ ಹೊರಗೆ, ಬಯಲಿನಲ್ಲಿ, ಕಿಟಕಿ ಬಾಗಿಲಿನಿಂದ ದೂರ ನಿಲ್ಲಿಸಿ ಹೋಸಿನಲ್ಲಿ ನೀರು ತನ್ನಿ.

ಇದಕ್ಕಿಂತ ಸಲೀಸಾದ ದಾರಿಯೊಂದಿದೆ. ತೋಟಕ್ಕೆ ಔಷಧಿ ಹೊಡೆಯುವ, ಬೆನ್ನಿಗೆ ಹಾಕುವ 16 ಲೀಟರಿನ ಬ್ಯಾಟರಿ ಸ್ಪ್ರೇಯರ್ ಗೊತ್ತಲ್ಲ? ಹೊಸದೊಂದು ತಂದು, ತುದಿಯ ನಾಜಲ್ ತೆಗೆದು ಚಿಕ್ಕ ಶವರ್ ತಲೆ ಸಿಕ್ಕಿಸಿ. ಟ್ಯಾಂಕು, ಪಂಪು, ಬ್ಯಾಟರಿ ಎಲ್ಲ ಅದರಲ್ಲೇ ಇದೆ. ಮೊದಲು 11 ಲೀಟರ್ ತಣ್ಣೀರು, ಆಮೇಲೆ ಕುದಿದ ನೀರು 4 ಲೀಟರ್. ತಣ್ಣೀರು 20 ಡಿಗ್ರಿ ಇದ್ದರೆ ಒಟ್ಟು ಸುಮಾರು 40 ಡಿಗ್ರಿಯ 15 ಲೀಟರ್ ಸಿಗುತ್ತದೆ, ಒಬ್ಬರ ಸ್ನಾನಕ್ಕೆ ಧಾರಾಳ. ಕುದಿನೀರು ಮೊದಲು ಸುರಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಬೋರ್ಡೋ ಅಥವಾ ಕೀಟನಾಶಕ ಹೊಡೆದ ಹಳೆಯ ಸ್ಪ್ರೇಯರನ್ನು ಎಷ್ಟು ತೊಳೆದರೂ ಇದಕ್ಕೆ ಬಳಸಬಾರದು. ಸ್ನಾನದ್ದಕ್ಕೆ ಬೇರೆ ಬಣ್ಣ ಬಳಿದು, ಬೇರೆ ಕೋಣೆಯಲ್ಲಿಡಿ.

ಪ್ರಶ್ನೆ: ಬಚ್ಚಲು ಸೇರಿಸಿದರೆ ಆರ್‌ಟಿಒ ತಕರಾರು ಬರುತ್ತದೆಯೇ?
– ಓದುಗರು, ಕುಶಾಲನಗರ

ಉತ್ತರ: ಟ್ರೈಲರಿಗೆ ಅದರದೇ ನೋಂದಣಿ ಬೇಕು. ಆರ್‌ಸಿಯಲ್ಲಿ ಬರೆದ ವಿವರಕ್ಕೆ ಹೊಂದದ ಮಾರ್ಪಾಟನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಒಪ್ಪುವುದಿಲ್ಲ. ಕಟ್ಟಿದ ಮೇಲಲ್ಲ, ಕಟ್ಟುವ ಮೊದಲು ನಕ್ಷೆ ಮತ್ತು ತೂಕದ ಲೆಕ್ಕ ಹಿಡಿದು ಮಡಿಕೇರಿಯ ಆರ್‌ಟಿಒ ಕಚೇರಿಗೆ ಹೋಗಿ.

ಪ್ರಶ್ನೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ರೈಲರ್ ನಿಂತೇ ಇರುತ್ತದೆ. ಕಳೆದ ವರ್ಷ ಬಚ್ಚಲ ತುಂಬ ಬೂಷ್ಟು ಹಿಡಿದು, ಕ್ಯಾಸೆಟ್ಟಿನ ಮುಚ್ಚಳ ಅಂಟಿಕೊಂಡಿತ್ತು.
– ಓದುಗರು, ಭಾಗಮಂಡಲ

ಉತ್ತರ: ನಿಮ್ಮ ಊರಿನ ಮಳೆಗೆ ಯಾವ ಪೇಂಟೂ ತಡೆಯಲ್ಲ, ಗಾಳಿಯೇ ಮದ್ದು. ಟಾರ್ಪಾಲನ್ನು ಟ್ರೈಲರಿಗೆ ಬಿಗಿದು ಸುತ್ತಬೇಡಿ, ಶೆಡ್ಡಿನ ಹಾಗೆ ಒಂದಡಿ ಎತ್ತರಕ್ಕೆ ಕಟ್ಟಿ. ಬಚ್ಚಲ ಬಾಗಿಲು, ಚಾವಣಿಯ ವೆಂಟು ತೆರೆದಿರಲಿ. ಎರಡೂ ಟ್ಯಾಂಕ್ ಖಾಲಿ ಮಾಡಿ ಮುಚ್ಚಳ ಬಿಚ್ಚಿ, ಪಂಪನ್ನು ನೀರಿಲ್ಲದೆ ಅರ್ಧ ನಿಮಿಷ ಓಡಿಸಿ, ಜರಡಿಯ ಬಟ್ಟಲಲ್ಲಿ ಉಳಿದ ನೀರನ್ನೂ ಚೆಲ್ಲಿ. ಕ್ಯಾಸೆಟ್ಟಿನ ಜಾರು ಮುಚ್ಚಳವನ್ನು ಅರ್ಧ ತೆರೆದಿಡಿ. ಮುಚ್ಚಿಟ್ಟರೆ ರಬ್ಬರ್ ಒತ್ತಿಕೊಂಡು ಅಂಟುತ್ತದೆ, ನಿಮ್ಮದು ಅಂಟಿದ್ದೂ ಹೀಗೇ. ರಬ್ಬರಿಗೆ ಸಿಲಿಕಾನ್ ಗ್ರೀಸ್ ಸವರಿ, ವ್ಯಾಸಲೀನ್ ಬೇಡ, ಅದಕ್ಕೆ ರಬ್ಬರ್ ಊದಿಕೊಳ್ಳುತ್ತದೆ. ಈಗಾಗಲೇ ಅಂಟಿರುವುದನ್ನು ಸ್ಕ್ರೂ ಡ್ರೈವರಿನಿಂದ ಮೀಟದೆ, ಉಗುರುಬೆಚ್ಚನೆಯ ನೀರು ತುಂಬಿ ಅರ್ಧ ಗಂಟೆ ಬಿಟ್ಟು ಮೆಲ್ಲಗೆ ಜಾರಿಸಿ. ಸೀಲು ಹರಿದಿದ್ದರೆ ಅದೊಂದನ್ನೇ ಬದಲಿಸಿದರಾಯಿತು, ಇಡೀ ತೊಟ್ಟಿ ಕೊಳ್ಳಬೇಕಿಲ್ಲ.