ಕುಂಕುಮದ ಡಬ್ಬಿ ಪಕ್ಕದ ಮಾತ್ರೆ

ಪತ್ರ: "ಟೀಚರ್ ಆಗಿರುವ ನನ್ನ ಹೆಂಡತಿಗೆ ಈ ವರ್ಷ ಮೂರನೇ ಸಲ ಉರಿಮೂತ್ರ. ಮೊದಲೆರಡು ಸಲ ಮೆಡಿಕಲ್‌ನವನು ಕೊಟ್ಟ ಮಾತ್ರೆಯಲ್ಲೇ ಹೋಯಿತು. ಈಗ ಡಾಕ್ಟರು ಯೂರಿನ್ ಕಲ್ಚರ್ ಮಾಡಿಸಿ ಅಂತಾರೆ. ರಿಪೋರ್ಟಿಗೆ ಮೂರು ದಿನವಂತೆ. ಇದು ಲ್ಯಾಬ್ ಕಮಿಷನ್ ಆಟ ಅಲ್ವಾ ಸಂಪಾದಕರೇ?" (ದಾವಣಗೆರೆಯ ಓದುಗರು)

ಉತ್ತರ: ಬೇಡದ ಟೆಸ್ಟ್ ಬರೆಯುವವರು ಇದ್ದಾರೆ ಸ್ವಾಮಿ, ಇಲ್ಲ ಅನ್ನಲಾರೆ. ಕಲ್ಚರ್ ಅಂದರೆ ಮೂತ್ರದಲ್ಲಿರುವ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ, ಅದು ಯಾವ ಮದ್ದಿಗೆ ಬಗ್ಗುತ್ತದೆ ಅಂತ ನೋಡುವ ಪರೀಕ್ಷೆ. ಮೊದಲ ಸಲದ ಸಾದಾ ಉರಿಗೆ ಅದಿಲ್ಲದೆಯೂ ಮದ್ದು ಶುರು ಮಾಡುತ್ತಾರೆ. ಆದರೆ ವರ್ಷಕ್ಕೆ ಮೂರು ಸಲ ಅಂದರೆ ಲೆಕ್ಕ ಬೇರೆ. ನಿಮ್ಮ ಡಾಕ್ಟರ ಮೇಲೆ ನನಗಂತೂ ಪ್ರೀತಿ ಬಂದುಬಿಟ್ಟಿದೆ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನಮ್ಮ ಅಕ್ಕನಿಗೆ ಹೀಗೇ ಆದಾಗ ಹಳೇ ಚೀಟಿ ಹಿಡಿದು ಹೋಗಿ ಸಿಪ್ರೋಫ್ಲಾಕ್ಸಾಸಿನ್ ಅನ್ನೋ ಆಂಟಿಬಯಾಟಿಕ್ ತಂದವನು ನಾನೇ. ಎರಡು ದಿನಕ್ಕೆ ಉರಿ ತಗ್ಗಿತು. ಉಳಿದ ಮಾತ್ರೆಯನ್ನು ಅಕ್ಕ ಕುಂಕುಮದ ಡಬ್ಬಿ ಪಕ್ಕ ಎತ್ತಿಟ್ಟಳು, ಮುಂದಿನ ಸಲಕ್ಕೆ ಆಯ್ತು ಅಂತ. ಹತ್ತನೇ ದಿನ ಚಳಿಜ್ವರ, ಪಕ್ಕೆಯಲ್ಲಿ ನೋವು. ಸೋಂಕು ಕಿಡ್ನಿಗೆ ಏರಿತ್ತು. ಕಲ್ಚರ್ ರಿಪೋರ್ಟಿನಲ್ಲಿ ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾ. ಅದರ ಕೆಳಗೆ ಮದ್ದುಗಳ ಪಟ್ಟಿ. ಸಿಪ್ರೋ ಎದುರು 'ಆರ್', ಸೆಫಿಕ್ಸಿಮ್ ಅನ್ನೋ ಇನ್ನೊಂದು ಆಂಟಿಬಯಾಟಿಕ್ ಎದುರೂ 'ಆರ್'. ಕ್ರಿಮಿ ಆ ಮದ್ದಿಗೆ ಬಗ್ಗುವುದಿಲ್ಲ ಅಂತ ಅರ್ಥ. ನೈಟ್ರೋಫ್ಯುರಾಂಟಾಯಿನ್ ಎದುರು 'ಎಸ್' ಇತ್ತು, ಅಂದರೆ ಬಗ್ಗುತ್ತದೆ. 1950ರ ದಶಕದ ಅಗ್ಗದ ಮಾತ್ರೆ ಅದು, ಇವತ್ತಿಗೂ ಹೆಚ್ಚಿನ ಇ. ಕೋಲೈ ಅದಕ್ಕೆ ಬಗ್ಗುತ್ತವೆ. ಆದರೆ ಅದರ ಕೆಲಸವೆಲ್ಲ ಮೂತ್ರಕೋಶದಲ್ಲಿ, ಕಿಡ್ನಿಗೆ ಏರಿದ ಮೇಲೆ ಉಪಯೋಗವಿಲ್ಲ. ಮೊದಲ ದಿನವೇ ಕಲ್ಚರಿಗೆ ಕೊಟ್ಟಿದ್ದರೆ ಐದು ದಿನದ ಮಾತ್ರೆಯಲ್ಲಿ ಮುಗಿಯುತ್ತಿತ್ತೇನೋ. ಅಕ್ಕ ಆಸ್ಪತ್ರೆಯಲ್ಲಿ ಮಲಗಿ ಇಂಜೆಕ್ಷನ್ ಚುಚ್ಚಿಸಿಕೊಂಡಳು.

ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಹೆದರಿದ್ದರು: ಇದನ್ನು ಯಾರು ಬೇಕಾದರೂ ಅಂಗಡಿಯಲ್ಲಿ ಕೊಳ್ಳುವ ಕಾಲ ಬಂದೀತು, ಅರೆಬರೆ ತಿಂದು ಕ್ರಿಮಿಗಳನ್ನು ಪಳಗಿಸಿಯಾರು ಅಂತ. ನಮ್ಮಲ್ಲಿ ಕಾನೂನಿಗೇನೂ ಬರವಿಲ್ಲ. ಸೆಫಿಕ್ಸಿಮ್‌ನಂಥವು 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಅನ್ನೋ ಬಿಗಿ ನಿಯಮದ ಮದ್ದುಗಳ ಪಟ್ಟಿಯಲ್ಲಿವೆ. ಡಾಕ್ಟರ ಹೆಸರು, ರೋಗಿಯ ಹೆಸರು ಪುಸ್ತಕದಲ್ಲಿ ಬರೆದೇ ಕೊಡಬೇಕು, ಆ ಪುಸ್ತಕ ಮೂರು ವರ್ಷ ಇರಬೇಕು. ನಮ್ಮ ಬೀದಿಯ ಅಂಗಡಿಯಲ್ಲಿ ಆ ಪುಸ್ತಕ ತೋರಿಸಪ್ಪಾ ಅಂದೆ. "ಏನ್ ಸಾರ್, ಇನ್ಸ್‌ಪೆಕ್ಟರಾ ನೀವು?" ಅಂದ ಹುಡುಗ.

ಅವನನ್ನೊಬ್ಬನನ್ನೇ ಬೈದೇನು ಪ್ರಯೋಜನ? ಬಸ್‌ಸ್ಟ್ಯಾಂಡಿನ ಶೌಚಾಲಯ ಕಂಡೇ ನೀರು ಕುಡಿಯೋದು ಬಿಟ್ಟ ಹೆಂಗಸರು ಎಷ್ಟಿಲ್ಲ! ಬೆಳಿಗ್ಗೆ ಒಂದು ಲೋಟ ಕಾಫಿ, ಮತ್ತೆ ನೀರು ಸಂಜೆ ಮನೆಗೆ ಬಂದ ಮೇಲೆ. ಇಂಥವರಿಗೆ ಸೋಂಕು ಬರದೆ ಇನ್ಯಾರಿಗೆ ಬರಬೇಕು? ನಿಮ್ಮ ಮನೆಯವರು ಸ್ಕೂಲಿನಲ್ಲಿ ದಿನಕ್ಕೆ ಎಷ್ಟು ಲೋಟ ನೀರು ಕುಡಿಯುತ್ತಾರೆ, ಒಮ್ಮೆಯಾದರೂ ಕೇಳಿದ್ದೀರಾ? ಕಮಿಷನ್ ಲೆಕ್ಕ ಆಮೇಲೆ ಹಾಕೋಣ.

ರಿಪೋರ್ಟ್ ಬಂದ ಮೇಲೆ ಯಾವುದರ ಎದುರು 'ಎಸ್' ಇದೆ ಅಂತ ಬರೆದು ತಿಳಿಸಿ. ಸ್ಕೂಲಿನಲ್ಲಿ ಟೀಚರ್‌ಗಳ ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇರುತ್ತೆ ಅನ್ನೋದನ್ನೂ.